ಎಲೆಯ ಲೆಕ್ಕ

ಕಾಲ್ಗೂರ್ಲಿಯಿಂದ ಉತ್ತರಕ್ಕೆ ನೂರಾ ಹತ್ತು ಕಿಲೋಮೀಟರು,
ಆಮೇಲೆ ಡಾಂಬರಿಲ್ಲ.
ಕೆಂಪು ಮಣ್ಣು, ನೊಣ, ಮತ್ತೆ ಕೆಂಪು ಮಣ್ಣು.
ನನ್ನ ಕೆಲಸ: ಇನ್ನೂರು ಮೀಟರಿಗೊಂದು ಗಮ್ ಮರ,
ಎದೆಮಟ್ಟದ ಕೊಂಬೆಯಿಂದ ಒಂದು ಹಿಡಿ ಎಲೆ,
ಕಾಗದದ ಚೀಲ, ಅದರ ಮೇಲೆ ಪೆನ್ಸಿಲ್ಲಿನ ನಂಬರು.
ಉಂಗುರ, ಬಳೆ ಕ್ಯಾಂಪಿನಲ್ಲೇ ಬಿಚ್ಚಿಡಬೇಕು;
ಕೈಯ ಚಿನ್ನ ಎಲೆಗೆ ಸೋಕಿದರೆ
ಕಾಗದದ ಮೇಲೊಂದು ಸುಳ್ಳು ಗಣಿ ಹುಟ್ಟುತ್ತದೆ.

ನನ್ನ ಬೋಳು ಕೈ ನೋಡಿ
ಡ್ರಿಲ್ಲರ್ ಟ್ರೆಗೋನಿಂಗ್ ನಕ್ಕ:
“ನಮ್ಮ ಮುತ್ತಾತ ಕಾರ್ನ್‌ವಾಲಿನ ತವರದ ಗಣಿಯವನು.
ಕಲ್ಲು ಒಡೆದು, ನೆಕ್ಕಿ, ಉಗಿದು, ಹೇಳಿಬಿಡುತ್ತಿದ್ದ.
ನೀನು ಸೊಪ್ಪು ಕೊಯ್ಯುತ್ತಿದ್ದೀಯ!”

ಹೌದು, ಸೊಪ್ಪೇ.
ಬೇರಿಗೆ ಬಾಯಾರಿಕೆ.
ಬಿರುಕು ಹಿಡಿದು ಮೂವತ್ತು ಮೀಟರು ಇಳಿಯುತ್ತದೆ.
ನೀರಿನ ಜೊತೆ ಕಣ್ಣಿಗೆ ಕಾಣದ ಒಂದು ಚೂರು ಮೇಲೆ ಬರುತ್ತದೆ.
ಮರಕ್ಕದು ಬೇಡ, ಅದು ವಿಷ.
ಎಲೆಯ ಅಂಚಿಗೆ ತಳ್ಳಿ
ಎಲೆಯನ್ನೇ ಉದುರಿಸಿ ಕೈತೊಳೆದುಕೊಳ್ಳುತ್ತದೆ.
ಮರ ಒಲ್ಲೆನೆಂದದ್ದಕ್ಕೆ
ನಾವು ಬಂಗಾರ ಅಂತ ಹೆಸರಿಟ್ಟಿದ್ದೇವೆ.

ನಾನು ಹಟ್ಟಿಯವಳು, ಲಿಂಗಸುಗೂರು ತಾಲೂಕು.
ಪಾಳಿಯ ಸೈರನ್ನಿಗೆ ಹಾಲು ಕಾಯಿಸುತ್ತಿದ್ದ ಓಣಿ.
ಅಪ್ಪನ ಅಂಗಿಯ ತುಂಬ ಕಲ್ಲಿನ ಧೂಳು,
ಗುಲಗಂಜಿ ತೂಕದ ಚಿನ್ನವಿಲ್ಲ.
ಗೇಟಿನಲ್ಲಿ ಜೇಬು, ಚಪ್ಪಲಿ, ಬುತ್ತಿಯ ಡಬ್ಬಿ
ಎಲ್ಲ ತಡವಿಯೇ ಬಿಡುತ್ತಿದ್ದರು.
ದಸರೆಯ ಸಂಜೆ ಮಾತ್ರ ಗೇಟಿಲ್ಲ.
ಮುಷ್ಟಿ ತುಂಬ ಬನ್ನಿ ಎಲೆ ಹಿಡಿದು
ಮಾತು ಬಿಟ್ಟವರ ಮನೆಗೂ ಹೋಗುತ್ತಿದ್ದ:
“ಬಂಗಾರ ತಗೊಂಡು ಬಂಗಾರದಂಗ ಇರೂಣು.”

ಪರ್ತಿನ ಲ್ಯಾಬಿನಲ್ಲಿ ಎಲೆ ಒಣಗಿಸಿ, ಅರೆದು,
ಆಸಿಡ್ಡಿನಲ್ಲಿ ಕರಗಿಸುತ್ತಾರೆ.
ಎಷ್ಟಿದೆಯೆಂದು ತಿಳಿಯಬೇಕಾದರೆ ಎಲೆ ಉಳಿಯಬಾರದು.
ಆರು ವಾರಕ್ಕೆ ಒಂದು ಹಾಳೆ ಬಂತು:
ಸೊನ್ನೆ, ಸೊನ್ನೆ, ಒಂದು, ಸೊನ್ನೆ,
ಮುನ್ನೂರ ಹನ್ನೆರಡನೇ ಮರ, ನಲವತ್ತು.
ನೂರು ಕೋಟಿಯಲ್ಲಿ ನಲವತ್ತು ಪಾಲು.
ಕಣ್ಣಳತೆಯ ಮರವೆಲ್ಲ ಅರೆದರೂ
ಒಂದು ಮೂಗುಬೊಟ್ಟಾದರೆ ಹೆಚ್ಚು.
ಆದರೂ ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತರು.

ಯಂತ್ರ ಬರುವ ಮುಂಚೆ ಡಲ್ಸಿ ಆಂಟಿ ಬಂದಳು,
ಈ ನೆಲದವಳು, ಮೊಮ್ಮಗನ ಹೆಗಲು ಹಿಡಿದು.
ಬಂಡೆಯ ನೀರಗುಂಡಿಯ ಹತ್ತಿರ ನಿಂತು
“ಇಲ್ಲಿ ಬೇಡ” ಅಂದಳು.
ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ನಕ್ಷೆಯಲ್ಲಿ ಮೂರು ಗುರುತು ಅಳಿಸಿದೆವು.

ಉಳಿದದ್ದು ಹದಿನೆಂಟು.
ಒಂಬತ್ತು ತೂತಿನಿಂದ ಬಂದ ಕಲ್ಲಿನ ಕೋಲು
ಹಸಿರು, ಸಪ್ಪೆ, ಹೇಳಲು ಏನೂ ಇಲ್ಲ.
ಹತ್ತನೆಯದು, ನೂರಾ ನಲವತ್ತೇಳನೇ ಮೀಟರು:
ನೀರು ಚಿಮುಕಿಸಿದೆ,
ಬೆಣಚುಕಲ್ಲಿನ ಬಿಳಿ ನರ ಎದ್ದಿತು,
ಅದರ ಕಂದು ಅಂಚಿಗೆ ಅರ್ಧ ಸಾಸಿವೆಯಷ್ಟು ಹಳದಿ.
ಟ್ರೆಗೋನಿಂಗ್ ಎಂಜಿನ್ ನಿಲ್ಲಿಸಿದ.
ಮುತ್ತಾತನ ಹಾಗೆ ನೆಕ್ಕಿದ.
ಉಗಿಯಲಿಲ್ಲ.

ಆಮೇಲಿನದು ನನ್ನ ಕೈಯಲ್ಲಿರಲಿಲ್ಲ.
ಕಾಲರ್ ಗರಿಗರಿಯಾದವರು ಬಂದು
ಪರದೆಯ ಮೇಲೆ ದೊಡ್ಡ ಬೋಗುಣಿ ಕೊರೆದರು,
ಮೆಟ್ಟಿಲು ಮೆಟ್ಟಿಲು, ಸುತ್ತಿ ಇಳಿವ ಲಾರಿದಾರಿ.
ಮುನ್ನೂರ ಹನ್ನೆರಡು ಸರಿಯಾಗಿ ನಡುವೆ,
ಈಗ ಅಲ್ಲಿ ಬರೀ ಗಾಳಿ.
ಚಾಡಿ ಹೇಳಿದ ತಪ್ಪಿಗಲ್ಲ.
ಬಾಯಾರಿತ್ತು, ಅಷ್ಟೇ.

ಬುಲ್‌ಡೋಜರ್ ಬರುವ ಹಿಂದಿನ ಸಂಜೆ
ಅದರ ಕೆಳಗೆ ನಿಂತಿದ್ದೆ.
ದಸರೆಯೋ, ಮುಗಿದಿತ್ತೋ, ಕ್ಯಾಲೆಂಡರು ನೋಡಿರಲಿಲ್ಲ.
ಚೀಲವಿಲ್ಲ, ನಂಬರಿಲ್ಲ, ಬಳೆ ಕೈಯಲ್ಲೇ ಇತ್ತು.
ಒಂದು ಹಿಡಿ ಕಿತ್ತು ಟ್ರೆಗೋನಿಂಗ್‌ನ ಅಂಗೈಗಿಟ್ಟು
ಅವನಿಗೆ ತಿಳಿಯದ ಮಾತಿನಲ್ಲಿ ಹೇಳಬೇಕಾದ್ದು ಹೇಳಿದೆ.
ಅವನು ಹೊಸಕಿ ಮೂಸಿದ.
“ನೆಗಡಿಗೆ ಒಳ್ಳೆಯದು” ಅಂದ,
ಜೇಬಿಗೆ ಹಾಕಿಕೊಂಡ.