ಪೊಟ್ಟಣ ಬಿಚ್ಚದೆ

ಬಿಚ್ಚಬೇಡಿ, ಅಂದಳು ಖೈರುನ್‌ಬಿ.
ಮಗನ ಫಿಟ್ಸಿಗೆ ಹನ್ನೊಂದು ವರ್ಷ
ಹರಪನಹಳ್ಳಿ ಕಡೆಯ ಅಜ್ಜ ಕೊಡುತ್ತಿದ್ದ ಬಿಳಿ ಪುಡಿ.
ಅಜ್ಜ ತೀರಿಕೊಂಡ. ಉಳಿದದ್ದು ಇದೊಂದೇ.

ಬಿಚ್ಚುವುದಿಲ್ಲ. ಟೆರಾಹರ್ಟ್ಸ್ ಕಿರಣಕ್ಕೆ
ಕಾಗದ ಅಡ್ಡಿಯಲ್ಲ. ಒಳಹೊಕ್ಕು
ಹರಳನ್ನು ಮೆಲ್ಲಗೆ ಅಲುಗಿಸಿ ಕೇಳುತ್ತದೆ:
ಯಾವ ಲಯಕ್ಕೆ ತೂಗುತ್ತೀಯೆ?
ತೂಗಿದಲ್ಲಿ ಕಿರಣ ಇಂಗಿ
ತೆರೆಯ ಗೆರೆಯಲ್ಲೊಂದು ಹಳ್ಳ.

ಮೊದಲು ಒಣಗಾಳಿ ತುಂಬಬೇಕು.
ಹೊರಗೆ ದಾವಣಗೆರೆಯ ಬಿಸಿಲು ಎಷ್ಟೇ ಒಣಗಿಸಲಿ,
ಒಂದು ಉಸಿರಿನ ತೇವ ಸಾಕು, ಗೆರೆ ತುಂಬ ಮುಳ್ಳು.
ಅವಳೋ ಬಾಷಾ ನಗರದ ಮಂಡಕ್ಕಿ ಭಟ್ಟಿಯಿಂದ ನೇರ ಬಂದು
ಯಂತ್ರದ ಮೇಲೇ ಬಾಗಿದ್ದಾಳೆ.
ಕಾದ ಮರಳಿಗೆ ಬಿದ್ದ ಅಕ್ಕಿಯ ಸದ್ದಿನಲ್ಲೇ
ಯಾವ ಮಿಲ್ಲಿನದೆಂದು ಹೇಳುವವಳು.

ಲೈಬ್ರರಿಯಲ್ಲಿ ಸಾವಿರದ ನಾನೂರು ಗೆರೆ.
ಗ್ಲೂಕೋಸ್, ಅಲ್ಲ. ಪ್ಯಾರಸಿಟಮಾಲ್, ಅಲ್ಲ.
ಫಿಟ್ಸಿನ ಮಾತ್ರೆಗಳ ಸಾಲು ಪೂರ್ತಿ,
ಅಲ್ಲ, ಅಲ್ಲ, ಅಲ್ಲ.
ಆಮೇಲೆ ನಿಂತಿತು:
ಹಾಲಿನ ಸಕ್ಕರೆ. ನೂರಕ್ಕೆ ತೊಂಬತ್ತೇಳು.

"ಅಂದ್ರೆ?"
ಅಂದರೆ ಏನೂ ಇಲ್ಲ ಅನ್ನಲು ಬಾಯಿ ಬರಲಿಲ್ಲ.
ಆರು ವರ್ಷದಿಂದ ಒಮ್ಮೆಯೂ ಬೀಳದ ಮಗ
ಹೊರಗೆ ಲಗೇಜ್ ಆಟೋದ ಹಾರ್ನ್ ಒತ್ತುತ್ತಿದ್ದ.
"ಮಿಕ್ಕಿದ್ದು ಮೂರು?"
ತೇವ ಇರಬೇಕು, ಅಂದೆ. ಕಾಗದದ್ದು.
ಇಲ್ಲಾ ನಿಮ್ಮ ಉಸಿರು.

"ಬಿಚ್ಚಿಲ್ಲ ತಾನೆ?"
ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿ ನಡೆದಳು.

ಬಾಗಿಲು ಹಾಕಿದೆ, ಒಣಗಾಳಿ ಬಿಟ್ಟೆ.
ಗೆರೆಯ ಮೇಲಿನ ಮುಳ್ಳು ಇಳಿಯಲು
ಇಪ್ಪತ್ತು ನಿಮಿಷ ಹಿಡಿಯಿತು.