ಎಂಟು ಸಾವಿರ ಸುತ್ತು

ಕೂದಲೇ ಇದಕ್ಕಿಂತ ದಪ್ಪ. ಈ ತಾಮ್ರದ ತಂತಿಯನ್ನು
ಹೆಬ್ಬೆರಳು ತೋರುಬೆರಳ ನಡುವೆ ಹರಿಯಬಿಡಬೇಕು.
ಬಿಗಿಹಿಡಿದರೆ ಸದ್ದಿಲ್ಲದೆ ಕಡಿಯುತ್ತದೆ,
ಸಡಿಲಬಿಟ್ಟರೆ ಸುರುಳಿಗೆ ಹೊಟ್ಟೆ ಬರುತ್ತದೆ.
ಹಳೇ ಹೊಲಿಗೆ ಯಂತ್ರದ ಮೋಟಾರು ತಿರುಗಿಸುತ್ತದೆ.
ಎಣಿಸಲು ಮೀಟರಿದೆ. ಆದರೂ ತುಟಿ ಕೇಳುವುದಿಲ್ಲ,
ಸಾವಿರದವರೆಗೆ ಲಾಟ್ವಿಯನ್ನಿನಲ್ಲಿ,
ಬೇಸರ ಬಂದಮೇಲೆ ರಷ್ಯನ್ನಿನಲ್ಲಿ.

ಒಬ್ಬನಿಗೆ ಗಾಜಿನಂಥ ದನಿ ಬೇಕಂತೆ,
ಇನ್ನೊಬ್ಬಳಿಗೆ ತಳ ಸೀದ ರೈ ರೊಟ್ಟಿಯಂಥದ್ದು.
ಆಗಲಿ ಅನ್ನುತ್ತೇನೆ.
ಅವನಿಗೆ ಐನೂರು ಸುತ್ತು ಕಮ್ಮಿ,
ಅವಳಿಗೆ ಸಾವಿರ ಜಾಸ್ತಿ.
ಆಮೇಲೆ ಬಿಸಿ ಮೇಣದಲ್ಲಿ ಅದ್ದಿ
ಗುಳ್ಳೆ ನಿಲ್ಲುವವರೆಗೆ ಕಾಯುತ್ತೇನೆ.
ಮೇಣ ಕುಡಿದ ಸುರುಳಿ ತಂತಿಯ ಮಾತು ಮಾತ್ರ ಕೇಳುತ್ತದೆ.
ಕುಡಿಯದ್ದು ಮನೆಮಂದಿಯದನ್ನೆಲ್ಲ.

ಮಂಗಳವಾರ ಒಬ್ಬ ಹುಡುಗ, ಬೂಟಿನ ತುಂಬ ಹಿಮ,
ಸಂತೆಯಲ್ಲಿ ಹನ್ನೆರಡು ಯೂರೋಗೆ ಕೊಂಡೆ ಎಂದು
ಗೋಣಿಯಿಂದ ಒಂದು ಗಿಟಾರು ಬಿಚ್ಚಿದ.
"ಪಿಕಪ್ ಕಿರುಚುತ್ತೆ. ಹತ್ತಿರ ನಿಂತು ಮಾತಾಡಿದರೂ
ಸ್ಪೀಕರಿನಲ್ಲಿ ಬರುತ್ತೆ. ಕಿತ್ತು ಒಳ್ಳೇದು ಹಾಕಿ."
ಒಡಲಿನ ಅಂಚಿನಲ್ಲಿ
ಬೀಗದ ಕೈಯ ತೂತು, ಪುಟ್ಟಿ ಮೆತ್ತಿದ್ದು.

ನಮ್ಮ ಅಡುಗೆಮನೆ ಕಪಾಟಿನ ಬಾಗಿಲು.
ಸೊಸೆಗೆ ಗೊತ್ತಾಗದ ಹಾಗೆ ಅಜ್ಜಿ ಸಕ್ಕರೆ ಬಚ್ಚಿಡುತ್ತಿದ್ದುದು
ಇದೇ ಬೀಗದ ಹಿಂದೆ.

ಎಪ್ಪತ್ತನಾಲ್ಕರ ಫೆಬ್ರವರಿ. ನನಗೆ ಹದಿನಾರು.
ಅಂಗಡಿಯಲ್ಲಿ ಗಿಟಾರಿಲ್ಲ, ಇದ್ದರೂ ಅಮ್ಮನ ಮೂರು ಸಂಬಳ.
ಅವೊತು ಬೀದಿಯ ಮೂಲೆಯಲ್ಲಿ ಫೋನಿನ ಗೂಡು.
ಗುನ್ವಾಲ್ಡಿಸ್ ಕಾವಲು ನಿಂತ, ಸೀಟಿ ಹಾಕಲೂ ಬಾರದವನು.
ಕಿವಿಗಿಡುವ ಬಿರಡೆ ತಿರುಚಿದೆ, ಚಳಿಗೆ ಕಚ್ಚಿಕೊಂಡಿತ್ತು,
ಇಕ್ಕುಳ ಹಾಕಿದೆ, ಬಂತು.
ಅಂಗೈಯಲ್ಲಿ ಪುಟ್ಟ ಅಯಸ್ಕಾಂತ, ಅದರ ಮೈಸುತ್ತ ತಾಮ್ರ,
ಊರಿನ ಗುಟ್ಟೆಲ್ಲ ಕೇಳಿಯೂ ತಣ್ಣಗಿತ್ತು.

ಆ ರಾತ್ರಿಯೇ ಮೂರನೇ ಮಹಡಿಯ ಹೆರ್ಮಿನೆ
ಚಪ್ಪಲಿಯಲ್ಲೇ ಓಡಿದರು. ಗಂಡನಿಗೆ ಎದೆನೋವು.
ಗೂಡಿನಲ್ಲಿ ಫೋನಿತ್ತು, ಕಿವಿ ಇರಲಿಲ್ಲ.
ಆ ಕಡೆಯವರು ಎತ್ತಿದರೋ ಇಲ್ಲವೋ ತಿಳಿಯದೆ
ವಿಳಾಸವನ್ನು ಮೂರು ಸಲ ಕೂಗಿ ಹೇಳಿ
ಹಿಮದಲ್ಲಿ ನಿಂತೇ ಇದ್ದರಂತೆ.
ಬೆಳಿಗ್ಗೆ ಮೆಟ್ಟಿಲ ತುಂಬ ಅವರ ದನಿ,
"ಅವನ ಕೈ ಸೇದಿಹೋಗ!"
ಬಾಗಿಲ ಹಿಂದೆ ನಾನು ಹಲ್ಲುಜ್ಜುತ್ತಲೇ ಇದ್ದೆ,
ಪೇಸ್ಟು ಮುಗಿದ ಮೇಲೂ.

ಗಂಡ ಬದುಕಿದರು. ಹನ್ನೊಂದು ವರ್ಷ.
ಅದೇ ಕಷ್ಟವಾದದ್ದು.
ಸಿಕ್ಕಾಗಲೆಲ್ಲ ಟೋಪಿ ಎತ್ತಿ "ಏನಪ್ಪಾ ಕಲಾವಿದ" ಎನ್ನುವರು.
ಕಾರ್ಖಾನೆಯ ಕ್ಲಬ್ಬಿನಲ್ಲಿ ನಾವು ಮೊದಲ ಸಲ ನುಡಿಸಿದಾಗ
ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.
ಸೇನೆಗೆ ಹೋಗುವ ಮುನ್ನ ಗಿಟಾರು ಮಾರಿಬಿಟ್ಟೆ.

ಕೈ ಸೇದಿಹೋಗಲಿಲ್ಲ, ನೋಡಿ.
ಐವತ್ತು ವರ್ಷ ತಂತಿ ಹಿಡಿದು ಎರಡು ಬೆರಳ ಗೆರೆ ಸವೆದಿದೆ ಅಷ್ಟೆ.
ಬ್ಯಾಂಕಿನ ಯಂತ್ರಕ್ಕೆ ಅವು ಯಾರವೆಂದು ತಿಳಿಯುವುದಿಲ್ಲ.

ಹುಡುಗನಿಗೆ ಹೊಸದೊಂದು ಸುತ್ತಿ ಕೂರಿಸಿದೆ.
ಎಂಟು ಸಾವಿರ, ಒಂದೂ ಕಮ್ಮಿಯಿಲ್ಲ.
ದುಡ್ಡು? ಹಳೇದನ್ನು ಬಿಟ್ಟುಹೋಗು, ಸಾಕು ಅಂದೆ.
ಮುದುಕನಿಗೆ ಮರುಳು ಎಂಬಂತೆ ನಕ್ಕು ಹೋದ.

ಸಂಜೆ. ದೌಗವಾ ನದಿಯ ಕಡೆಯಿಂದ ಗಾಳಿ.
ಕಿಟಕಿಯ ಹತ್ತಿರ ದಾರ್ತಾ, ನನ್ನ ಶಿಷ್ಯೆ,
ಕಣ್ಣುಮುಚ್ಚಿ ಗಿಟಾರಿನ ಕತ್ತನ್ನು ಉಜ್ಜುತ್ತಿದ್ದಾಳೆ.
ಹಳೇ ಸುರುಳಿಗೆ ಎರಡು ವೈರು ಬೆಸೆದೆ,
ಆಂಪ್ ಹಚ್ಚಿದೆ. ಗುಂಯ್ ಎಂದಿತು.
ಮೇಣ ಕುಡಿಯದ್ದು, ಎಲ್ಲ ಕೇಳಿಸಿಕೊಳ್ಳುವಂಥದ್ದು.
ಬಾಗಿ, ತುಟಿ ತಾಗುವಷ್ಟು ಹತ್ತಿರ ಹೋಗಿ,
"ಹಲೋ" ಅಂದೆ.

ಮೂಲೆಯ ಪೆಟ್ಟಿಗೆಯಿಂದ ನನ್ನದೇ ದನಿ,
ತಗಡಿನ ಡಬ್ಬಿಯೊಳಗಿಂದ ಬಂದಂತೆ,
ಹಲೋ.

ಮತ್ತೇನು ಹೇಳುವುದೆಂದು ಯೋಚಿಸುತ್ತಿದ್ದೆ.
ದಾರ್ತಾ ಕಣ್ಣು ತೆರೆಯದೆಯೇ,
ಉಪ್ಪುಕಾಗದ ನಿಲ್ಲಿಸದೆಯೇ ಅಂದಳು:
"ರಾಂಗ್ ನಂಬರ್."