ಹನ್ನೆರಡು ಪದ

ಇಪ್ಪತ್ತಾರು ವರ್ಷ ಓಟಿನ ಶಾಯಿ ತುಂಬಿದವಳು ನಾನು,
ಬನ್ನಿಮಂಟಪದ ಕಡೆ, ಸೀಸೆಗಳ ಸಾಲಿನ ಮುಂದೆ.
ಹಚ್ಚುವಾಗ ನೇರಳೆ, ಬಿಸಿಲು ಕಂಡರೆ ಕಪ್ಪು.
ಯಾವೂರಿನ ಯಾವ ಬೆರಳಿಗೋ ಹೋಗಬೇಕಾದ ಹನಿ
ಮೊದಲು ನನ್ನ ಉಗುರಿಗೇ ಅಂಟುತ್ತಿತ್ತು.
"ವರ್ಷವೆಲ್ಲಾ ಓಟು ಹಾಕ್ತೀಯಲ್ಲೇ ಚೆಲುವಾಜಿ"
ಅಂತ ನಗೋರು ಬಸ್ಸಿನಲ್ಲಿ.

ಈಗ ತಂಗಿಯ ಜೊತೆ ಎಲೆ ಅಂಗಡಿ.
ನಮ್ಮ ವೀಳ್ಯದೆಲೆ ಸಂಘಕ್ಕೆ ನಾಲ್ಕು ವರ್ಷದಿಂದ ಚುನಾವಣೆಯಿಲ್ಲ.
ಪೆಟ್ಟಿಗೆ ಕೊಡುವ ಸಾಹೇಬರಿಗೆ ರಜೆ,
ಬಂದರೆ ಪಟ್ಟಿ ಸರಿಯಿಲ್ಲ,
ಪಟ್ಟಿ ಸರಿಯಾದರೆ ಮೇಲಿಂದ ಫೋನು.

ಒಂದು ಸಂಜೆ ಬಂದಳು ಟೈಲರ್ ಸಿಲ್ವೆಸ್ಟರನ ಮಗಳು ರೋಸ್ಲಿನ್,
ಮಂಡಿ ಮೊಹಲ್ಲದವಳು, ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು:
"ಯಾರ ಪೆಟ್ಟಿಗೆಯೂ ಬೇಡ. ಫೋನಿನಲ್ಲೇ ಒತ್ತಿ.
ಬೀಗದ ಕೈಯನ್ನ ಐದು ಚೂರು ಮಾಡ್ತೀನಿ,
ಮೂರು ಕೂಡಿದರೆ ಮಾತ್ರ ತೆರೆಯುತ್ತೆ.
ನನ್ನ ಹತ್ತಿರ ಒಂದೂ ಇರಲ್ಲ."

ಆ ಕೊನೆಯ ಮಾತಿಗೇ ನಾನು ಒಪ್ಪಿದ್ದು.

ನನ್ನ ಪಾಲಿನ ಚೂರು, ಹನ್ನೆರಡು ಪದ.
ನೊಗ, ನೆಲ್ಲಿ, ಏಣಿ, ಕಪ್ಪೆ, ಮುಸುಕು...
ಇವಲ್ಲ. ನಿಜವಾದವು ಮೆಂತ್ಯದ ಡಬ್ಬಿಯಲ್ಲಿವೆ.
ಅದೂ ಸುಳ್ಳು.

ಗುರುವಾರ ರಾತ್ರಿ ಎಂಟಕ್ಕೆ ತೆರೆಯಬೇಕು.
ಬೋರಮಲ್ಲಯ್ಯನ ಚೀಟಿ ಇಲಿ ತಿಂದಿತ್ತು.
ಖಲಂದರ್ ಸಾಬರು ಆಸ್ಪತ್ರೆಯಲ್ಲಿ, ಕಣ್ಣಿಗೆ ಪಟ್ಟಿ.
ಉಳಿದವರು ನಾನು,
ಚುನಾವಣೆಗೆ ನಿಂತಿದ್ದ ನಂಜಮಣಿಯ ಅಣ್ಣ,
ಅವಳ ಎದುರಾಳಿಯ ಭಾವ.
ಒಂದು ಚರಂಡಿ ಕಲ್ಲಿಗಾಗಿ ಹನ್ನೊಂದು ವರ್ಷ
ಮಾತು ಬಿಟ್ಟವರು ಅವರಿಬ್ಬರೂ.
ಒಂದೇ ಬೆಂಚಿನ ಮೇಲೆ ಕೂತರು.
ಒಬ್ಬ ಪದ ಒತ್ತುವಾಗ ಇನ್ನೊಬ್ಬ ಕಣ್ಣು ಮುಚ್ಚಿದ.
ಮುಚ್ಚು ಅಂತ ಯಾರೂ ಹೇಳಿರಲಿಲ್ಲ.

ನಾನು ಒತ್ತಿದ ನಂಜಮಣಿ ಸೋತಳು, ನಾಲ್ಕೇ ಓಟಿನಲ್ಲಿ.
ಮನೆಗೆ ಬಂದು ಮತ್ತೆ ಎಣಿಸಿದೆ,
ಕೊಂಡ ಕಟ್ಟನ್ನು ಗಿರಾಕಿ ನಮ್ಮೆದುರೇ ಬಿಚ್ಚಿ
ಎಲೆ ಎಲೆ ಎಣಿಸುವ ಹಾಗೆ.
ಅದಕ್ಕೆ ನಾವು ಯಾವತ್ತಾದರೂ ಮುನಿದದ್ದುಂಟೇ?
ಹೆಸರಿಲ್ಲದ ಸಾಲಿನಲ್ಲಿ ನನ್ನ ನಂಬರು ಇತ್ತು,
ತೊಂಬತ್ತಮೂರನೆಯದು.
ಲೆಕ್ಕ ಸರಿಯಿತ್ತು. ಸೋಲೂ ಸರಿಯಿತ್ತು.

ಬೆಳಿಗ್ಗೆ ಎಲೆಗೆ ನೀರು ಚಿಮುಕಿಸುತ್ತಾ
ಎಡಗೈ ತೋರುಬೆರಳು ನೋಡಿಕೊಂಡೆ, ಹಳೇ ಅಭ್ಯಾಸ.
ಶಾಯಿಯಿಲ್ಲ. ಸುಣ್ಣದ್ದೊಂದು ಚುಕ್ಕಿ.

ಒಂದು ಮಾತು ಮಾತ್ರ ರೋಸ್ಲಿನ್‌ಳನ್ನು ಕೇಳಿಲ್ಲ.
ಪಕ್ಕದಂಗಡಿಯ ಗೌರಾಜಿ ಫೋನು ಒತ್ತುವಾಗ
ಹಿಂದೆಯೇ ನಿಂತಿದ್ದ ಅವಳ ಗಂಡ.
ಸರ್ಕಾರದವರು ಮೇಜಿನ ಮೇಲೆ ಇಡುತ್ತಿದ್ದರಲ್ಲ,
ಮೂರು ಕಡೆ ಮುಚ್ಚಿದ ರಟ್ಟಿನ ಮರೆ,
ಅದನ್ನು ಈ ಗಾಜಿಗೆ ಎಲ್ಲಿಂದ ತರೋದು?

ಕೇಳ್ತೀನಿ.
ಮೊದಲು ಈ ಎಲೆ ಬಾಡುವ ಮುಂಚೆ ಮಾರಬೇಕು.